ಬೋರ್ಡಿಗೆ ಎಂಟು ದಿನ

ನಮ್ಮೂರಲ್ಲಿ ಬೋರ್ಡ್ ಬರೆಯುವವರು ಇಲ್ಲ. ಬೋರ್ಡಿಗೆ ಹಲಗೆ ಕೊಯ್ದುಕೊಡುವ ಬಡಗಿ ಇದ್ದಾನೆ, ಬಿಳಿ ಬಣ್ಣ ಬಳಿಯುವವರಿದ್ದಾರೆ, ಏಣಿ ಬಾಡಿಗೆಗೆ ಕೊಡುವವರೂ ಇದ್ದಾರೆ. ಹೊಸದಾಗಿ ಅಂಗಡಿ ತೆರೆದವರು ಖಾಲಿ ಬೋರ್ಡನ್ನು ಬಾಗಿಲ ಮೇಲೆ ತೂಗುಹಾಕಿ ಕಾಯುತ್ತಾರೆ. ಎಂಟನೆಯ ದಿನ ಬೆಳಿಗ್ಗೆ ಅದರ ಮೇಲೆ ಅಕ್ಷರ ಮೂಡಿರುತ್ತದೆ. ಅಂಗಡಿ ಎಂಥದೋ ಅಂಥ ಮಾತು. ಮೊದಲ ಮಾತಿಗೆ ಮಾತ್ರ ಎಂಟು ದಿನ ಬೇಕು. ಆಮೇಲೆ ಅಂಗಡಿಯ ರೀತಿ ಬದಲಾದರೆ ಒಂದು ರಾತ್ರಿ ಕಳೆದರೆ ಸಾಕು, ಬರಹವೂ ಬದಲಾಗುತ್ತದೆ. ಬೋರ್ಡಿಗೆ ಬಹುವಚನ ಗೊತ್ತಿಲ್ಲ. ಡಾಕ್ಟರನ್ನೂ ದರ್ಜಿಯನ್ನೂ ಅದು ಒಂದೇ ರೀತಿ ಕರೆಯುತ್ತದೆ.

ಬಸ್ ಸ್ಟ್ಯಾಂಡ್ ಎದುರಿನ ದರ್ಜಿಯ ಬೋರ್ಡಿನಲ್ಲಿ ‘ಹಬ್ಬದ ಮಾರನೆಯ ದಿನ ಕೊಡುತ್ತಾನೆ’ ಎಂದಿದೆ. ಅದಕ್ಕೇ ಜನ ಅವನಿಗೆ ಹಬ್ಬ ಒಂದು ವಾರ ಮೊದಲೇ ಇದೆ ಎಂದು ಹೇಳಿ ಬಟ್ಟೆ ಕೊಟ್ಟು ಬರುತ್ತಾರೆ. ಡಾಕ್ಟರ ಬೋರ್ಡಿನಲ್ಲಿ ‘ಕೇಳಿಸಿಕೊಳ್ಳುತ್ತಾನೆ’ ಎಂದಷ್ಟೇ ಇದೆ, ಔಷಧಿಯ ವಿಷಯವೇ ಇಲ್ಲ; ಆದರೂ ಸಾಲು ಬೀದಿಯವರೆಗೆ ಬರುತ್ತದೆ. ಗಡಿಯಾರ ಬೀದಿಯ ಹೋಟೆಲಿನದು ‘ಚಟ್ನಿ ಚೆನ್ನಾಗಿದೆ, ಇಡ್ಲಿ ಕ್ಷಮಿಸಿ’. ಸೈಕಲ್ ರಿಪೇರಿ ಮಾಡುವ ದಾದಾಪೀರ್ ಅಂಗಡಿಯದು ‘ಪಂಕ್ಚರ್ ಇಲ್ಲದಿದ್ದರೆ ಇಲ್ಲ ಅನ್ನುತ್ತಾನೆ’. ಊರಿನಲ್ಲಿ ಅದಕ್ಕಿಂತ ಒಳ್ಳೆಯ ಬೋರ್ಡ್ ಇಲ್ಲವೆಂದು ಎಲ್ಲರೂ ಒಪ್ಪುತ್ತಾರೆ.

ಕೆಟ್ಟ ಮಾತು ಬಂದರೂ ಜನ ಬಾಳುತ್ತಾರೆ, ನಗುತ್ತಾರೆ, ತಿದ್ದಿಕೊಳ್ಳುತ್ತಾರೆ. ನನಗೆ ಭಯವಿದ್ದದ್ದು ಅದರದ್ದಲ್ಲ. ನನ್ನ ಅಪ್ಪನದು ಕೊಡೆ ರಿಪೇರಿಯ ಅಂಗಡಿ. ಹನ್ನೊಂದು ವರ್ಷ ನಡೆಸಿದರು. ಹನ್ನೊಂದು ವರ್ಷವೂ ಅವರ ಬೋರ್ಡ್ ಖಾಲಿಯೇ ಇತ್ತು. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಊರಿನವರು ಅವರ ಮುಂದೆ ಬೋರ್ಡಿನ ಮಾತು ಎತ್ತುತ್ತಿರಲಿಲ್ಲ, ಅಷ್ಟು ಮರ್ಯಾದೆ ಕೊಟ್ಟರು. ಅಪ್ಪ ಮಾತ್ರ ಪ್ರತಿದಿನ ಬೆಳಿಗ್ಗೆ ಬೇಗ ಹೋಗಿ ಅದನ್ನು ಒರೆಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಬಾಗಿಲು ತೆರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಬೋರ್ಡನ್ನು ಅಟ್ಟಕ್ಕೆ ಹಾಕಿದೆವು.

ನಾನು ಸಹಕಾರ ಸಂಘದ ಅಂಗಡಿಯಲ್ಲಿ ಹದಿನೇಳು ವರ್ಷ ತೂಕ ಹಾಕಿದವಳು. ಆ ಅಂಗಡಿಯ ಬೋರ್ಡಿನಲ್ಲಿ ‘ತೂಕ ಸರಿ, ಬಾಗಿಲು ಹಾಕುವ ಹೊತ್ತು’ ಎಂದು ಬಹಳ ಕಾಲದಿಂದ ಇತ್ತು. ಎರಡನೆಯ ಮಾತು ಒಂದು ದಿನ ನಿಜವಾಯಿತು, ಸಂಘ ಮುಚ್ಚಿತು. ಮೊದಲನೆಯ ಮಾತು ನಿನ್ನ ಬಗ್ಗೆಯೇ ಎಂದು ನಮ್ಮನೆಯವರು, ಅಂದರೆ ಪಂಪ್‌ಸೆಟ್ ರಿಪೇರಿ ಮಾಡುವ ಷಡಕ್ಷರಿ, ಎಷ್ಟು ಸಲ ಹೇಳಿದರೂ ನನಗೆ ನಂಬಿಕೆ ಬರಲಿಲ್ಲ. ತಕ್ಕಡಿಯ ಬಗ್ಗೆ ಇರಬಹುದು ಅನ್ನಿಸುತ್ತಿತ್ತು.

ಕೆಲಸ ಹೋದಮೇಲೆ ಅವರೇ ಶುರುಮಾಡಿದರು. “ಚುರುಮುರಿ ಅಂಗಡಿ ಇಡು ದಾಕ್ಷಿ. ನಿನ್ನ ಕೈಯಲ್ಲಿ ತಿಂದೋರು ಒಬ್ಬರಾದ್ರೂ ಬೈದಿದಾರಾ?”

“ಬೈಯದೇ ಇರೋದು ಬೇರೆ ರೀ, ಬೋರ್ಡ್ ಮೇಲೆ ಬರೋದು ಬೇರೆ.”

“ಬಂದ್ರೆ ಬರಲಿ.”

“ಬರದೇ ಇದ್ರೆ?”

ಆ ವಾರವೇ ಪೇಪರಿನಲ್ಲಿ ‘ಚಿಟಪಟ ಚುರುಮುರಿ’ ಕಂಪನಿಯ ಜಾಹೀರಾತು ನೋಡಿದೆ. ನೂರಾ ಹನ್ನೆರಡು ಮಳಿಗೆಗಳಿವೆ, ನಿಮ್ಮ ಊರಿನಲ್ಲೂ ಫ್ರಾಂಚೈಸಿ ತೆಗೆದುಕೊಳ್ಳಿ, ಹೆಸರು ನಮ್ಮದು, ಅಂಗಡಿ ನಿಮ್ಮದು ಎಂದಿತ್ತು. ಹೆಸರು ನಮ್ಮದು ಎಂಬ ಮಾತನ್ನು ನಾನು ಮೂರು ಸಲ ಓದಿದೆ. ಬೋರ್ಡನ್ನೂ ಅವರೇ ಕಳಿಸುತ್ತಾರಂತೆ, ಬರಹ ಸಮೇತ.

ಒಪ್ಪಂದದ ಕಾಗದ ಅರವತ್ನಾಲ್ಕು ಪುಟ. ಪೆನ್ಸಿಲ್ ಹಿಡಿದು ಮೂರು ಸಲ ಓದಿದೆ. ಅರ್ಥವಾಗದ್ದನ್ನೆಲ್ಲ ಗೀಟು ಹಾಕಿ ಪದ್ಮರಾಜಯ್ಯ ಮೇಷ್ಟ್ರ ಮನೆಗೆ ಹೋದೆ. ನಾನು ಮೂವತ್ನಾಲ್ಕನೆಯ ವಯಸ್ಸಿನಲ್ಲಿ ಸಂಜೆ ಕಾಲೇಜಿಗೆ ಸೇರಿ ಪಿಯುಸಿ ಪಾಸು ಮಾಡಿದ್ದು ಅವರ ದೆಸೆಯಿಂದ. ವಾಣಿಜ್ಯ ಪಾಠ ಹೇಳುತ್ತಿದ್ದರು. ಈಗ ನಿವೃತ್ತರು, ಆದರೂ ಯಾರಾದರೂ ಪ್ರಶ್ನೆ ತಂದರೆ ಶರ್ಟ್ ಹಾಕಿಕೊಂಡು ಬಂದು ಕೂರುತ್ತಾರೆ. ಒಂದು ಹಾಳೆಯ ಮಧ್ಯೆ ಗೆರೆ ಎಳೆದರು. ಒಂದು ಕಡೆ ‘ಅಪಾಯ’ ಎಂದು ಬರೆದು, ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಮಸಾಲೆ ಅವರಿಂದಲೇ ಕೊಳ್ಳಬೇಕು, ಬೇರೆ ಊರಿನ ಮಳಿಗೆಯವನು ಕೆಡಿಸಿದರೆ ನಿನ್ನ ಹೆಸರೂ ಕೆಡುತ್ತದೆ ಎಂದು ಸೇರಿಸಿದರು. ಇನ್ನೊಂದು ಕಡೆ ‘ಲಾಭ’ ಎಂದು ಬರೆದು, ಕೆಲಸ ಕಲಿಸಿಕೊಡುತ್ತಾರೆ, ಸಾಮಾನು ಬಾಗಿಲಿಗೆ ಬರುತ್ತದೆ, ಮೊದಲ ದಿನವೇ ಗಿರಾಕಿಗೆ ಪರಿಚಯ ಇರುತ್ತದೆ ಎಂದು ಸೇರಿಸಿದರು. ಕೊನೆಗೆ ‘ಹೆಸರು’ ಎಂದು ಬರೆಯಲು ಹೋಗಿ ಪೆನ್ನು ಎತ್ತಿ ಹಿಡಿದರು.

“ಇದನ್ನ ಯಾವ ಕಡೆ ಹಾಕಲಿ?”

“ಲಾಭಕ್ಕೆ ಹಾಕಿ ಸಾರ್.”

ಅವರು ಗೆರೆಯ ಮೇಲೆಯೇ ಬರೆದರು. “ನೀನು ಮೂವತ್ತೊಂದನೇ ಕರಾರು ಓದಿದೀಯ ತಾನೆ?” ಎಂದರು.

ಓದಿದ್ದೆ. ಮಳಿಗೆಯ ನಾಮಫಲಕದ ಬರಹ ಯಾವ ಕಾರಣಕ್ಕೂ ಬದಲಾಗತಕ್ಕದ್ದಲ್ಲ, ಬದಲಾದರೆ ಒಪ್ಪಂದ ರದ್ದು, ಕಟ್ಟಿದ ಹಣ ಕಂಪನಿಗೆ. ಸಂಘದಿಂದ ಬಂದ ಹಣವೆಲ್ಲ ಅದರಲ್ಲಿ ಹೋಗುತ್ತಿತ್ತು. ಸುಮ್ಮನಿರುವುದು ಮೋಸವೆನಿಸಿ ಕಂಪನಿಗೆ ಕಾಗದ ಬರೆದು ನಮ್ಮೂರಿನ ಬೋರ್ಡುಗಳ ವಿಷಯ ವಿವರವಾಗಿ ತಿಳಿಸಿದೆ. ಅವರ ಪ್ರಾಂತ್ಯದ ಮ್ಯಾನೇಜರ್ ಹೇಮಂತ್ ಕಿಣಿ ಎಂಬವರು ಫೋನ್ ಮಾಡಿ ನಕ್ಕರು. “ಮೇಡಂ, ನಮ್ಮದು ಅಕ್ರಿಲಿಕ್ ಬೋರ್ಡು. ಒಳಗಡೆ ಲೈಟು. ಉಜ್ಜಿದ್ರೂ ಹೋಗಲ್ಲ.” ನನಗೂ ಅದೇ ಬೇಕಾಗಿತ್ತು. ಸಹಿ ಹಾಕಿದೆ.

ನಗರದಲ್ಲಿ ಐದು ದಿನ ತರಬೇತಿ. ಕಿತ್ತಳೆ ಬಣ್ಣದ ಅಂಗಿ, ಕಿತ್ತಳೆ ಬಣ್ಣದ ಟೋಪಿ. ಒಂದು ಪ್ಲೇಟಿಗೆ ಈರುಳ್ಳಿ ಹದಿನಾಲ್ಕು ಗ್ರಾಂ. ಡಬ್ಬಿ ಮುಚ್ಚಿ ಹನ್ನೊಂದು ಸಲ ಕುಲುಕಬೇಕು, ಹತ್ತೂ ಅಲ್ಲ, ಹನ್ನೆರಡೂ ಅಲ್ಲ. ಗಿರಾಕಿ ಬಂದರೆ “ಚಿಟಪಟ ಸ್ವಾಗತ!” ಎನ್ನಬೇಕು, ಹೋಗುವಾಗ “ಚಿಟಪಟ ಆನಂದಿಸಿ!” ಎನ್ನಬೇಕು. ತೂಕದಲ್ಲಿ ನನ್ನನ್ನು ಮೀರಿಸುವವರು ಆ ತರಗತಿಯಲ್ಲಿ ಇರಲಿಲ್ಲ. ತಕ್ಕಡಿ ನೋಡದೆ ಹದಿನಾಲ್ಕು ಗ್ರಾಂ ಈರುಳ್ಳಿ ಕೈಯಲ್ಲಿ ಎತ್ತುತ್ತಿದ್ದೆ. ಬೈಸಿಕೊಂಡದ್ದು ಒಂದೇ ಕಾರಣಕ್ಕೆ. ಮಾಡಿದ ಪ್ಲೇಟನ್ನು ಕೊಟ್ಟಾಗಲೆಲ್ಲ ನನ್ನ ಬಾಯಿಂದ “ಸರಿಯಾಯ್ತಾ?” ಎಂಬ ಮಾತು ಬಂದುಬಿಡುತ್ತಿತ್ತು. ತರಬೇತಿ ಕೊಡುವಾಕೆ ಕೈಪಿಡಿಯ ಇಪ್ಪತ್ತೆರಡನೆಯ ಪುಟ ತೆಗೆದು ಗಟ್ಟಿಯಾಗಿ ಓದಿಸಿದಳು: ‘ಉಪ್ಪು, ಖಾರದ ಬಗ್ಗೆ ಗ್ರಾಹಕರನ್ನು ಕೇಳಬಾರದು. ಕೇಳಿದರೆ ಅವರಲ್ಲಿ ಅನುಮಾನ ಹುಟ್ಟುತ್ತದೆ.’ ನನ್ನಲ್ಲಿ ಮೊದಲೇ ಹುಟ್ಟಿರುವ ಅನುಮಾನಕ್ಕೆ ಏನು ಮಾಡಬೇಕೆಂದು ಅದರಲ್ಲಿ ಇರಲಿಲ್ಲ.

ಅಂಗಡಿ ತೆರೆದ ದಿನ ಗಡಿಯಾರ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚುರುಮುರಿಗಿಂತ ಹೆಚ್ಚಾಗಿ ಬೋರ್ಡ್ ನೋಡಲು ಬಂದಿದ್ದರು. ಬರಹವಿರುವ ಬೋರ್ಡನ್ನು ಹೊಸದಾಗಿ ತೂಗುಹಾಕಿದ್ದನ್ನು ನಮ್ಮೂರು ಯಾವತ್ತೂ ಕಂಡಿರಲಿಲ್ಲ. ‘ಚಿಟಪಟ ಚುರುಮುರಿ. ನೂರಾ ಹದಿಮೂರು ಮಳಿಗೆ, ಒಂದೇ ರುಚಿ.’ ನನ್ನದೂ ಸೇರಿ ನೂರಾ ಹದಿಮೂರು. ಹನ್ನೆರಡು ಅಡಿ ಎತ್ತರದಲ್ಲಿ, ಒಳಗೆ ದೀಪ ಹಚ್ಚಿಕೊಂಡು ಅದು ಹಗಲಿನಲ್ಲೂ ಉರಿಯುತ್ತಿತ್ತು. ಎದುರುಗಡೆ ಅಂಗಡಿಯಿಂದ ದಾದಾಪೀರ್ ಟಯರ್ ಕೈಯಲ್ಲಿ ಹಿಡಿದೇ ಬಂದರು.

“ದಾಕ್ಷಕ್ಕ, ಎಂಟನೇ ದಿನಕ್ಕೆ ಏನ್ ಬರುತ್ತೆ?”

“ಏನೂ ಬರಲ್ಲ ದಾದಾಪೀರಣ್ಣ. ಅಕ್ರಿಲಿಕ್ಕು.”

“ಅದಕ್ಕೆ ಹೇಳಿದೀರಾ ಅಕ್ರಿಲಿಕ್ ಅಂತ?” ಎಂದು ಬೋರ್ಡಿನ ಕಡೆ ಟಯರ್ ತೋರಿಸಿದರು. ಜನ ನಕ್ಕರು. ಷಡಕ್ಷರಿಯೂ ನಕ್ಕರು, ನಾನು ನೋಡಿದ ಮೇಲೆ ನಿಲ್ಲಿಸಿದರು.

ಎಂಟನೆಯ ಬೆಳಿಗ್ಗೆ ಕಿತ್ತಳೆ ಬೆಳಕಿನ ಮೇಲೆ, ಕಂಪನಿಯ ಅದೇ ಗುಂಡು ಅಕ್ಷರದಲ್ಲಿ, ‘ಬೇರೆಯವರ ಚುರುಮುರಿ’ ಎಂದಿತ್ತು.

ಕಂಪನಿಗೆ ಪ್ರತಿದಿನ ಬೆಳಿಗ್ಗೆ ಹತ್ತು ಗಂಟೆಗೆ ಮಳಿಗೆಯ ಮುಂಭಾಗದ ಫೋಟೊ ಕಳಿಸಬೇಕಿತ್ತು. ಷಡಕ್ಷರಿ ನಿಧಾನವಾಗಿ, “ನಿನ್ನೇದು ಇದೆಯಲ್ಲ, ಅದನ್ನೇ ಕಳಿಸು. ಬೆಳಿಗ್ಗೆ ದಿನಾ ಒಂದೇ ಥರ ಇರುತ್ತೆ,” ಎಂದರು. ಮಾಡಬಾರದಿತ್ತು, ಮಾಡಿದೆ. ಮರುದಿನ ಬೆಳಿಗ್ಗೆ ಬೋರ್ಡಿನಲ್ಲಿ ‘ಹಳೆ ಫೋಟೊ ಕಳಿಸಿದ್ದಾಳೆ’ ಎಂದು ಬಂದಿತ್ತು.

ಊರಿಗೆ ಊರೇ ಬಂದು ಓದಿತು. ಹೋಟೆಲಿನವರು ತಮ್ಮ ಇಡ್ಲಿಯ ವಿಷಯ ಹಿಂದೆ ಬಿದ್ದದ್ದಕ್ಕೆ ನನಗೆ ಕಾಫಿ ಕಳಿಸಿದರು. ನಾನು ಅಂದೇ ಕಂಪನಿಗೆ ತಪ್ಪೊಪ್ಪಿಗೆ ಬರೆದು, ಎರಡು ದಿನದ ನಿಜವಾದ ಫೋಟೊಗಳನ್ನೂ ಇಟ್ಟು ಕಳಿಸಿದೆ. ಕಿಣಿಯವರು ಈ ಸಲ ನಗಲಿಲ್ಲ. “ಮೇಡಂ, ಮುಂದಿನ ತಿಂಗಳು ಐದನೇ ತಾರೀಖು ನಾನೇ ಬರ್ತೀನಿ. ಅಷ್ಟರೊಳಗೆ ನಮ್ಮ ಬರಹ ವಾಪಸ್ ಬಂದಿರಬೇಕು. ಇಲ್ಲಾಂದ್ರೆ ನನ್ನ ಕೈಯಲ್ಲಿ ಏನೂ ಇಲ್ಲ, ಮೂವತ್ತೊಂದು ಇದೆಯಲ್ಲ.”

ಇಪ್ಪತ್ತಾರು ದಿನವಿತ್ತು. ಮೇಷ್ಟ್ರು ಹೇಳಿದ್ದು ಸರಳವಾಗಿತ್ತು: “ಬೋರ್ಡು ನಿಜ ಹೇಳುತ್ತೆ ತಾನೆ? ಹಾಗಾದರೆ ಕಂಪನಿಯ ಮಾತನ್ನ ನಿಜ ಮಾಡು.” ನಾನು ಹಾಗೇ ಮಾಡಿದೆ. ಬೆಳಿಗ್ಗೆ ಎದ್ದು ಕೈಪಿಡಿಯ ಹತ್ತು ಪುಟ ಬಾಯಿಪಾಠ ಹೇಳುತ್ತಿದ್ದೆ. ಟೊಮೆಟೊ ಒಂದೇ ಗಾತ್ರದ್ದು ಆರಿಸಿದೆ. ‘ಸರಿಯಾಯ್ತಾ’ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ತುಟಿ ಕಚ್ಚಿ “ಚಿಟಪಟ ಆನಂದಿಸಿ!” ಎನ್ನುತ್ತಿದ್ದೆ. ಒಂದು ಸಂಜೆ ಮನೆಗೆ ಬಂದ ಷಡಕ್ಷರಿಗೂ “ಚಿಟಪಟ ಸ್ವಾಗತ!” ಎಂದುಬಿಟ್ಟೆ. ಅವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು, “ಒಂದು ಪ್ಲೇಟ್ ಹೆಂಡತಿ ಕೊಡಿ, ಖಾರ ಕಮ್ಮಿ,” ಎಂದರು.

ಎರಡನೆಯ ವಾರದಲ್ಲಿ ಬೋರ್ಡು ‘ಹದಿನಾಲ್ಕು ಗ್ರಾಂ ಈರುಳ್ಳಿ’ ಎಂದಿತು. ಆಮೇಲೆ ‘ಹನ್ನೊಂದೇ ಸಲ ಕುಲುಕುತ್ತಾಳೆ’ ಎಂದಿತು. ಹತ್ತಿರ ಬರುತ್ತಿದೆ ಎಂದು ಮೇಷ್ಟ್ರು ಧೈರ್ಯ ಹೇಳಿದರು. ಒಂದನೆಯ ತಾರೀಖು ಬೆಳಿಗ್ಗೆ ಬೀದಿಯ ತಿರುವಿನಿಂದಲೇ ನೋಡಿದೆ: ‘ಚಿಟಪಟ ಚುರುಮುರಿ. ನೂರಾ ಹದಿಮೂರು ಮಳಿಗೆ, ಒಂದೇ ರುಚಿ.’ ಒಂದು ಚುಕ್ಕಿಯೂ ಬಿಟ್ಟಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ದಾದಾಪೀರ್ ಬಂದು ಟೀ ಕೊಟ್ಟು, “ಒಳ್ಳೇದಾಯ್ತು ಬಿಡಿ ದಾಕ್ಷಕ್ಕ. ನಮಗೆ ಓದೋಕೆ ಏನೂ ಉಳೀಲಿಲ್ಲ ಅಷ್ಟೆ,” ಎಂದರು. ವ್ಯಾಪಾರ ನಡೆಯುತ್ತಿತ್ತು. ಜನ ಬರುತ್ತಿದ್ದರು, ತೆಗೆದುಕೊಳ್ಳುತ್ತಿದ್ದರು, ಹೋಗುತ್ತಿದ್ದರು. ನಿಂತು ಮಾತಾಡುವವರು ಕಡಿಮೆಯಾಗಿದ್ದರು. ಕಂಪನಿ ಮಾತಾಡಲು ಕೊಟ್ಟದ್ದೂ ಎರಡೇ ವಾಕ್ಯ.

ಒಂದು ವಿಷಯ ಮಾತ್ರ ಬಗೆಹರಿದಿರಲಿಲ್ಲ. ನಿಂಗಜ್ಜಿ. ಊರಿನ ಅರ್ಧದಷ್ಟು ಜನರ ಹೆರಿಗೆ ಮಾಡಿಸಿದ ಸೂಲಗಿತ್ತಿ, ನಾನು ಹುಟ್ಟಿದ್ದೂ ಅವಳ ಕೈಯಲ್ಲೇ. ಈಗ ಬಾಯಲ್ಲಿ ನಾಲ್ಕು ಹಲ್ಲು. ಅಂಗಡಿ ತೆರೆದಂದಿನಿಂದ ದಿನಾ ನಾಲ್ಕು ಗಂಟೆಗೆ ಬರುತ್ತಿದ್ದಳು, “ಪುರಿ ಒಸಿ ನೆನ್ಸಿ ಕೊಡವ್ವ,” ಎನ್ನುತ್ತಿದ್ದಳು. ಕೈಪಿಡಿಯ ಹತ್ತೊಂಬತ್ತನೆಯ ಪುಟದಲ್ಲಿ ‘ಗರಿಗರಿಯಾಗಿಲ್ಲದ್ದು ಚಿಟಪಟ ಅಲ್ಲ’ ಎಂದು ದಪ್ಪಕ್ಷರದಲ್ಲಿದೆ. ಆಗಲ್ಲ ಅಜ್ಜಿ, ಕಂಪನಿ ರೂಲ್ಸು ಎನ್ನುತ್ತಿದ್ದೆ. ಅವಳು ಜಗಳವಾಡುತ್ತಿರಲಿಲ್ಲ. ಪ್ಲೇಟ್ ತೆಗೆದುಕೊಂಡು ಬೆಂಚಿನ ಮೇಲೆ ಕೂತು ಒಂದೊಂದೇ ಪುರಿಯನ್ನು ಬಾಯಲ್ಲಿಟ್ಟು ಮೆತ್ತಗಾಗುವವರೆಗೆ ಕಾಯುತ್ತಿದ್ದಳು. ಮುಗಿಯಲು ಒಂದು ಗಂಟೆ. ನಾನು ಆ ಒಂದು ಗಂಟೆ ಬೆನ್ನು ಹಾಕಿ ಡಬ್ಬಿಗಳನ್ನು ಜೋಡಿಸುತ್ತಿದ್ದೆ.

ಐದನೆಯ ತಾರೀಖು ಮಧ್ಯಾಹ್ನ ಕಿಣಿಯವರು ಬಂದರು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸು, ಕಿತ್ತಳೆ ಟೈ, ಬಸ್ಸಿನಲ್ಲಿ ನಿಂತು ಬಂದ ಮುಖ. ಬೀದಿಯಲ್ಲೇ ನಿಂತು ಬೋರ್ಡನ್ನು ಎರಡು ಸಲ ಓದಿ ಬೆವರು ಒರೆಸಿಕೊಂಡರು. ಇಂದು ಅಡುಗೆಯ ತಪಾಸಣೆ, ನಾಳೆ ಬೆಳಿಗ್ಗೆ ಮುಂಭಾಗದ ಫೋಟೊ ಮತ್ತು ಸಹಿ ಎಂದರು. ನಾನು ಎತ್ತಿಟ್ಟ ಈರುಳ್ಳಿಯನ್ನು ತೂಗಿದರು, ಹದಿನಾಲ್ಕು. ಮತ್ತೊಮ್ಮೆ ತೂಗಿದರು, ಹದಿನಾಲ್ಕು. “ಮೇಡಂ, ಇಷ್ಟು ಸರಿಯಾಗಿ ಮಾಡೋರನ್ನ ನಾನು ನೋಡೇ ಇಲ್ಲ. ಮಾದರಿ ಮಳಿಗೆ ಅಂತ ಬರೀತೀನಿ,” ಎಂದು ಫಾರಂ ತೆಗೆದರು. ನಲವತ್ತೇಳು ವರ್ಷದಲ್ಲಿ ನನಗೆ ಅಷ್ಟು ನೆಮ್ಮದಿಯಾದದ್ದು ನೆನಪಿಲ್ಲ.

ನಾಲ್ಕು ಗಂಟೆಗೆ ನಿಂಗಜ್ಜಿ ಬಂದಳು. ಕಿಣಿಯವರನ್ನು ನೋಡಿ, ಟೈ ನೋಡಿ, ನನ್ನ ಕಡೆ ತಿರುಗಿದಳು.

“ಇವತ್ತಾದ್ರೂ ಒಸಿ ನೆನ್ಸಿ ಕೊಟ್ಟೀಯಾ?”

ನಾನು ಈರುಳ್ಳಿಯ ತಟ್ಟೆ ಸರಿಸಿಟ್ಟೆ.

“ನಿನ್ನ ತಲೆ ಆಚೆ ಬರ್ಲಿ ಅಂತ ಎರಡು ದಿನ ಕಾದಿವ್ನಿ ಕಣವ್ವ ನಾನು. ಬರ್ಲೋ ಬ್ಯಾಡ್ವೋ, ಬರ್ಲೋ ಬ್ಯಾಡ್ವೋ ಅಂತಿದ್ದೆ. ಹೊಟ್ಟೆ ಒಳಗೂ ನಿಂಗೆ ಅನ್ಮಾನ. ನಾನೇನ್ ರೂಲ್ಸು ಹೇಳ್ದ್ನಾ?”

ಸಾಲಿನಲ್ಲಿದ್ದವರು ನಕ್ಕರು. ಕಿಣಿಯವರೂ ನಗುತ್ತಾ ನನ್ನ ಕಡೆ ಬಾಗಿ ಮೆಲ್ಲಗೆ, “ಪುಟ ಹತ್ತೊಂಬತ್ತು, ಮೇಡಂ,” ಎಂದರು. ಅವರು ಬೆದರಿಸಲಿಲ್ಲ, ನೆನಪಿಸಿದರು. ನನಗೆ ಪುಟವೂ ಗೊತ್ತಿತ್ತು, ಸಾಲೂ ಗೊತ್ತಿತ್ತು. ಇಲ್ಲ ಎಂದರೆ ಮಾದರಿ ಮಳಿಗೆ. ಹೂಂ ಎಂದರೆ ನಾಳೆ ಬೋರ್ಡು ಏನಾಗುತ್ತದೋ ಯಾರಿಗೆ ಗೊತ್ತು. ಅಜ್ಜಿ ಪ್ಲೇಟಿಗಾಗಿ ಕೈ ಚಾಚಿದಳು, ಎಂದಿನ ಹಾಗೆ, ಇಲ್ಲ ಎನ್ನುತ್ತೇನೆಂದು ಮೊದಲೇ ಗೊತ್ತಿದ್ದವಳ ಹಾಗೆ. ಆ ಕೈ ನೋಡಿ ನನ್ನಿಂದ ಆಗಲಿಲ್ಲ.

ಬಿಸಿನೀರು ಇಟ್ಟೆ. ಪುರಿಯನ್ನು ಒಂದು ಕ್ಷಣ ಅದ್ದಿ ಹಿಂಡಿದೆ. ಕಡಲೆಕಾಯಿ ಬೀಜವನ್ನು ಲೋಟದ ತಳದಲ್ಲಿ ಅರೆದು ಪುಡಿ ಮಾಡಿದೆ, ಕಾಯಿತುರಿ ಹಾಕಿದೆ, ನಿಂಬೆ ಹಿಂಡಿದೆ, ಖಾರ ಬಿಟ್ಟೆ. ಯಾವುದನ್ನೂ ತೂಗಲಿಲ್ಲ. ಎಷ್ಟು ಸಲ ಕಲಸಿದೆನೋ ಎಣಿಸಲಿಲ್ಲ. ಕೊಟ್ಟು, ತುಟಿ ಕಚ್ಚುವುದನ್ನು ಮರೆತು, “ಸರಿಯಾಯ್ತಾ ಅಜ್ಜಿ?” ಎಂದೆ.

ಅವಳು ಬಾಯಲ್ಲಿ ಹೊರಳಿಸಿ, “ಉಪ್ಪು ಒಂಚೂರು,” ಎಂದಳು. ಹಾಕಿದೆ. “ಈಗ?” “ಈಗ ಆಯ್ತು.” ಐದು ನಿಮಿಷದಲ್ಲಿ ಪ್ಲೇಟ್ ಖಾಲಿ.

ಹಿಂದಿನಿಂದ ದಾದಾಪೀರ್ ಕೂಗಿದರು: “ಹಂಗಾದ್ರೆ ನನಗೆ ಈರುಳ್ಳಿ ಬ್ಯಾಡ ದಾಕ್ಷಕ್ಕ! ಒಂದು ತಿಂಗಳಿಂದ ಹದಿನಾಲ್ಕು ಗ್ರಾಮೂ ಆರಿಸಿ ಎಸೀತಿದೀನಿ!” ಯಾರೋ ನಿಂಬೆ ಜಾಸ್ತಿ ಎಂದರು, ಯಾರೋ ಎಣ್ಣೆ ಕಮ್ಮಿ ಎಂದರು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನುವುದು ಹೇಗೆ? ಒಬ್ಬೊಬ್ಬರಿಗೂ ಕೇಳಿ ಮಾಡಿದೆ, ಕೊಟ್ಟಮೇಲೂ ಕೇಳಿದೆ. ಒಂದು ತಿಂಗಳು ನುಂಗಿಕೊಂಡಿದ್ದ ಪ್ರಶ್ನೆಗಳೆಲ್ಲ ಆ ಸಂಜೆ ಹೊರಗೆ ಬಂದವು. ಬೆಂಚಿನಲ್ಲಿ ಜಾಗ ಸಾಲದೆ ಜನ ದಾದಾಪೀರ್ ಅಂಗಡಿಯ ಸೈಕಲ್ಲುಗಳ ಮೇಲೆ ಕೂತು ತಿಂದರು.

ಕಿಣಿಯವರು ಬಹಳ ಹೊತ್ತು ಫಾರಂ ತುಂಬುತ್ತಿದ್ದರು. ಕೊನೆಯ ಗಿರಾಕಿ ಹೋದಮೇಲೆ ಪೆನ್ನು ಜೇಬಿಗಿಟ್ಟು, ಟೈ ಸಡಿಲ ಮಾಡಿ, “ನನಗೊಂದು ಕೊಡಿ ಮೇಡಂ. ಹೇಗೆ ಬೇಕಾದರೂ ಮಾಡಿ,” ಎಂದರು. ಬಸ್ಸಿನಲ್ಲಿ ಬಂದ ಹೊಟ್ಟೆಯೆಂದು ಶುಂಠಿ ಸ್ವಲ್ಪ ಸೇರಿಸಿದೆ. ತಿನ್ನುವಾಗ ಕೇಳಿದೆ, “ಸರಿಯಾಯ್ತಾ?”

ಅವರು ತಿನ್ನುವುದನ್ನು ನಿಲ್ಲಿಸಿದರು. “ನೂರಾ ಹನ್ನೆರಡು ಮಳಿಗೇಲೂ ತಿಂದಿದೀನಿ. ಯಾರೂ ಕೇಳಿಲ್ಲ. ಕೇಳೋ ಅಗತ್ಯಾನೂ ಇರಲಿಲ್ಲ, ಎಲ್ಲಾ ಕಡೆ ಒಂದೇ ಥರ ಇರುತ್ತಲ್ಲ.” ಆಮೇಲೆ, “ಸರಿಯಾಗಿದೆ,” ಎಂದರು. ಇನ್ನೂ ಆಮೇಲೆ, “ಆದರೂ ನಾನು ಬರೀಬೇಕಾಗುತ್ತೆ,” ಎಂದರು.

ಬೆಳಿಗ್ಗೆ ಅವರು ಕ್ಯಾಮೆರಾ ಹಿಡಿದು ನನಗಿಂತ ಮೊದಲೇ ಬಂದು ನಿಂತಿದ್ದರು. ಬೋರ್ಡಿನ ದೀಪ ಉರಿಯುತ್ತಿತ್ತು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ‘ಬೇರೆಯವರ ಚುರುಮುರಿ’ಯೂ ಇಲ್ಲ, ಏನೂ ಇಲ್ಲ, ಅಂದಷ್ಟೇ ತೂಗುಹಾಕಿದ ಹೊಸ ಅಂಗಡಿಯ ಬೋರ್ಡಿನ ಹಾಗೆ ಒಂದು ಅಗಲವಾದ ಕಿತ್ತಳೆ ಬೆಳಕು ಮಾತ್ರ. ಹಣ ಹೋಯಿತು ಎಂಬುದು ನನಗೆ ಆಮೇಲೆ ಹೊಳೆಯಿತು. ಮೊದಲು ಹೊಳೆದದ್ದು ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದ ರೀತಿ. ನಾನೂ ಹಾಗೆಯೇ ಸರಿದು ನಿಂತಿದ್ದೆ.

“ಇದನ್ನ ಏನಂತ ಬರೀಲಿ ಮೇಡಂ?” ಎಂದರು ಕಿಣಿ.

“ಇರೋದನ್ನೇ ಬರೀರಿ.”

ಕಂಪನಿಯ ಮಾತು ಬರುವವರೆಗೆ ಬಾಗಿಲು ಹಾಕಿಟ್ಟೆ. ಹದಿನೈದು ದಿನಕ್ಕೆ ಕಾಗದ ಬಂತು, ಒಪ್ಪಂದ ರದ್ದಾಗಿತ್ತು. ಲಾರಿ ಬಂದು ಅಕ್ರಿಲಿಕ್ ಬೋರ್ಡು, ಮಸಾಲೆ ಪೊಟ್ಟಣ, ಅಂಗಿ, ಟೋಪಿ ಎಲ್ಲವನ್ನೂ ಎಣಿಸಿ ತೆಗೆದುಕೊಂಡು ಹೋಯಿತು. ಕಟ್ಟಿದ ಹಣ ಕರಾರಿನಂತೆ ಅವರಿಗೇ. ನಾನು ಎರಡು ದಿನ ಊಟ ಬಿಟ್ಟು ಕೂತೆ. ಮೂರನೆಯ ದಿನ ಮೇಷ್ಟ್ರು ಹಳೆಯ ಹಾಳೆಯನ್ನು ಹಿಡಿದುಕೊಂಡು ತಾವೇ ಬಂದರು. ಅಪಾಯದ ಕಡೆ ಒಂದೊಂದಕ್ಕೂ ಟಿಕ್ ಹಾಕಿಸಿದರು. ಆಯಿತು, ಆಯಿತು ಎಂದೆ. ಲಾಭದ ಕಡೆಯನ್ನೂ ಕೇಳಿದರು. ಕೆಲಸ ಕಲಿತೆಯಾ? ಕಲಿತಿದ್ದೆ, ಸಾಮಾನು ಎಲ್ಲಿಂದ, ಎಷ್ಟು ತರಿಸಬೇಕು, ಸಂಜೆ ಉಳಿಯದ ಹಾಗೆ ಹೇಗೆ ನೋಡಿಕೊಳ್ಳಬೇಕು ಎಲ್ಲ ಗೊತ್ತಾಗಿತ್ತು. ಗಿರಾಕಿಗೆ ಪರಿಚಯವಾಯಿತಾ? ನಾನು ಉತ್ತರ ಕೊಡುವ ಮೊದಲೇ ಷಡಕ್ಷರಿ ಒಳಗಿನಿಂದ, “ಬೆಳಿಗ್ಗೆಯಿಂದ ನಾಲ್ಕು ಜನ ಬಂದು ಬಾಗಿಲು ಯಾವಾಗ ತೆಗೀತಾರೆ ಅಂತ ಕೇಳಿದ್ರು ಸಾರ್,” ಎಂದರು. ಗೆರೆಯ ಮೇಲಿದ್ದ ‘ಹೆಸರು’ ಎಂಬುದನ್ನು ಮೇಷ್ಟ್ರು ಬೆರಳಿನಿಂದ ತಟ್ಟಿ, ಹಾಳೆಯನ್ನು ನನ್ನ ಕೈಯಲ್ಲಿಟ್ಟು ಹೋದರು.

ಹೊಸ ಬೋರ್ಡಿಗೆ ದುಡ್ಡಿರಲಿಲ್ಲ. ಷಡಕ್ಷರಿ ಅಟ್ಟದಿಂದ ಅಪ್ಪನ ಬೋರ್ಡನ್ನು ಇಳಿಸಿದರು. ನಾನು ಬೇಡವೆಂದೆ. “ಹಲಗೆ ಗಟ್ಟಿಯಾಗಿದೆ ದಾಕ್ಷಿ,” ಎಂದಷ್ಟೇ ಹೇಳಿ ಅಂಗಡಿಯ ಮೇಲೆ ಕೈಗೆಟುಕುವ ಎತ್ತರದಲ್ಲಿ ತೂಗುಹಾಕಿದರು. ಬಿಳಿ ಬಣ್ಣ ಅಲ್ಲಲ್ಲಿ ಹಳದಿಯಾಗಿತ್ತು. ಪುರಿಭಟ್ಟಿಯಿಂದ ಪುರಿ ತಂದು, ಮನೆಯ ಖಾರದಪುಡಿಯಲ್ಲೇ ಅಂಗಡಿ ತೆರೆದೆ. ಮರುದಿನ ಬೆಳಿಗ್ಗೆ ಬೇಗ ಹೋಗಿ ಒದ್ದೆ ಬಟ್ಟೆ ಹಿಂಡಿ, ಬೋರ್ಡು ಒರೆಸಲೆಂದು ಸ್ಟೂಲ್ ಹತ್ತಿದೆ. ಹಿಂದಿನಿಂದ ಯಾರೋ, “ಥೇಟ್ ನಿಮ್ಮಪ್ಪ,” ಎಂದರು.

ನಿಂಗಜ್ಜಿ. ಯಾವುದೋ ಬಾಣಂತಿಯ ಮಗುವಿಗೆ ನೀರು ಹಾಕಲು ಹೊರಟವಳು ಬೆಂಚಿನ ಮೇಲೆ ಕೂತಿದ್ದಳು.

“ಏನಜ್ಜಿ?”

“ಹೆರಿಗೆ ಮುಗ್ಸಿ ಹೊತ್ತಾ ಮುಂಚೆ ಬರೋವಾಗ ನೋಡ್ತಿದ್ನಲ್ಲ. ಅವ್ನೂ ಹಿಂಗೇ ಒದ್ದೆ ಬಟ್ಟೆ ತಕ್ಕೊಂಡು ತಿಕ್ಕಿದ್ದೇ ತಿಕ್ಕಿದ್ದು. ಈ ಊರಲ್ಲಿ ಬೋರ್ಡು ಒರ್ಸೋನು ಅವ್ನೊಬ್ನೇಯ. ಬ್ಯಾರೆಯೋರ್ ಬೋರ್ಡೆಲ್ಲ ಜೇಡನ ಬಲೆ.”

ನಾನು ಸ್ಟೂಲಿನ ಮೇಲೇ ತಿರುಗಿದೆ. “ಅಜ್ಜಿ, ಅಪ್ಪನ ಬೋರ್ಡ್ ಮೇಲೆ ಏನಾದ್ರೂ ಇತ್ತಾ? ಒರೆಸೋಕೆ ಮುಂಚೆ?”

“ನಂಗೇನ್ ಓದಕ್ಕೆ ಬತ್ತದಾ? ಕೆಲವು ದಿನ ಇರುವೆ ಸಾಲಿನಂಗೆ ಏನೋ ಮಸುಕಾಗಿ ಇರ್ತಿತ್ತು. ಅವ್ನಿಗೆ ಆ ಮಬ್ಬಲ್ಲಿ ಕಾಣ್ತಿರ್ಲಿಲ್ಲ, ಧೂಳು ಅಂದ್ಕೊಂಡು ಒರಸ್ಬುಡೋನು. ನೀಟುಗಾರ.”

ನಾನು ಇಳಿದು ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತೆ. ಎಂಟು ದಿನ ಬಿಟ್ಟಿದ್ದರೆ ಸಾಕಿತ್ತು. ಹನ್ನೊಂದು ವರ್ಷದಲ್ಲಿ ಎಂಟು ದಿನ ಬಿಡಲು ಅವರಿಂದ ಆಗಲಿಲ್ಲ. ಅಳು ಬರುತ್ತದೆ ಅಂದುಕೊಂಡೆ, ನಗು ಬಂತು. ಅಜ್ಜಿಯೂ ಏಕೆಂದು ಕೇಳದೆ ಜೊತೆಗೆ ನಕ್ಕಳು.

ಆ ಎಂಟು ದಿನ ಕಳೆದದ್ದು ಹೇಗೆಂದು ಷಡಕ್ಷರಿಯನ್ನು ಕೇಳಬೇಕು. ಮನೆಯ, ಅಂಗಡಿಯ ಒರೆಸುವ ಬಟ್ಟೆಗಳನ್ನೆಲ್ಲ ಕಟ್ಟಿ ದಾದಾಪೀರ್ ಅಂಗಡಿಯಲ್ಲಿಟ್ಟರು. ಸ್ಟೂಲನ್ನೂ ಅಲ್ಲೇ ಇಟ್ಟರು. ಐದನೆಯ ದಿನ ಒಂದು ಕಾಗೆ ಬೋರ್ಡಿನ ಮೂಲೆಯಲ್ಲಿ ಗಲೀಜು ಮಾಡಿತು. ನಾನು ಸೆರಗಿನ ತುದಿ ಹಿಡಿದು ಹೊರಟದ್ದನ್ನು ನೋಡಿ ದಾದಾಪೀರ್ ಟಯರ್ ಬಿಸಾಡಿ ಓಡಿಬಂದು ಅಡ್ಡ ನಿಂತರು. “ಇರಲಿ ದಾಕ್ಷಕ್ಕ, ದೃಷ್ಟಿಬೊಟ್ಟು ಅಂದ್ಕೊಳಿ!” ಧೂಳು ದಿನದಿನಕ್ಕೆ ಹೆಚ್ಚುತ್ತಿತ್ತು. ಕಿಣಿಯವರಿಂದ ಒಂದು ಮೆಸೇಜ್ ಬಂತು: ‘ಏನಾದರೂ ಬಂತಾ ಮೇಡಂ? ಕಂಪನಿ ಪರವಾಗಿ ಅಲ್ಲ, ನಾನೇ ಕೇಳ್ತಿದೀನಿ.’ ಇನ್ನೂ ಇಲ್ಲ ಎಂದು ಬರೆದೆ.

ಎಂಟನೆಯ ಬೆಳಿಗ್ಗೆ ನಾನು ಬೇಕೆಂದೇ ತಡವಾಗಿ ಹೊರಟೆ. ಬೀದಿಯ ತಿರುವಿನಿಂದಲೇ ಜನ ಕಂಡರು. ದಾದಾಪೀರ್, ಹೋಟೆಲಿನವರು, ದರ್ಜಿ, ಶರ್ಟ್ ಹಾಕಿಕೊಂಡು ಬಂದ ಮೇಷ್ಟ್ರು. ಎಲ್ಲರೂ ಕತ್ತೆತ್ತಿ ನಿಂತಿದ್ದರು, ನನ್ನನ್ನು ನೋಡಿ ದಾರಿ ಬಿಟ್ಟರು. ನಾನು ನೆಲ ನೋಡುತ್ತಾ ಬಾಗಿಲವರೆಗೆ ಹೋದೆ, ಬೀಗದಕೈ ಹುಡುಕಿದೆ. ಬೆಂಚಿನಿಂದ ನಿಂಗಜ್ಜಿ ನನ್ನ ಸೆರಗು ಹಿಡಿದು ಎಳೆದಳು.

“ಎಲ್ರೂ ಓದ್ಕೊಂಡು ಹಲ್ಲು ಬಿಡ್ತಾವ್ರೆ, ನಂಗೆ ಯಾರೂ ಹೇಳ್ತಾ ಇಲ್ಲ. ನೀನ್ ಬಂದು ಓದ್ಬೇಕಂತೆ. ಏನ್ ಬರ್ದದೆ, ಓದವ್ವ.”

ಕತ್ತೆತ್ತಿದೆ. ಹಳದಿ ಬಿದ್ದ ಬಿಳಿಯ ಮೇಲೆ, ಎಂಟು ದಿನದ ಧೂಳಿನ ನಡುವೆ, ಕಾಗೆಯ ಗುರುತಿನ ಪಕ್ಕದಲ್ಲಿ ಅಕ್ಷರಗಳು ಕಪ್ಪಾಗಿ ನಿಂತಿದ್ದವು. ಸಂಜೆ ಕಾಲೇಜಿನಲ್ಲಿ ಮೊದಲ ದಿನ ಎದ್ದುನಿಂತು ಓದಿದ ಹಾಗೆ, ಒಂದೊಂದೇ ಪದ ಬಿಡಿಸಿ ಓದಿದೆ:

“‘ಸರಿಯಾಯ್ತಾ ಅಂತ ಕೇಳುತ್ತಾಳೆ.’”

ಅಜ್ಜಿ ತಲೆದೂಗಿ, ನಾಲ್ಕು ಹಲ್ಲೂ ಕಾಣುವ ಹಾಗೆ ನಕ್ಕು, ಬೋರ್ಡಿಗೇ ಎದುರಾಗಿ ಕೂತಳು.

“ಸರಿಯಾಗೇ ಅದೆ ಅಂತ ಹೇಳು,” ಎಂದಳು. “ಈಗ ಬಾಗ್ಲು ತೆಗಿ. ಪುರಿ ನೆನ್ಸು.”